ಹೊಗೆಗೆ ಹೊಸ ರೂಪ ಕೊಡುವ ತಾಮ್ರ

ಕಾರ್ಖಾನೆಯ ಚಿಮಣಿಯಿಂದ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಮತ್ತೆ ಕಚ್ಚಾವಸ್ತು ಆದೀತೇ? ಖಂಡಿತ ಆದೀತು. ಅದಕ್ಕೆ ಬೇಕಾದದ್ದು ನೀರು, ವಿದ್ಯುತ್ ಮತ್ತು ಸರಿಯಾದ ಲೋಹ.

ಎಲೆಕ್ಟ್ರೋಲೈಸರ್ ಎಂಬ ಕೋಶದ ಒಂದು ಬದಿಯಲ್ಲಿ ನೀರು ಒಡೆದು ಆಮ್ಲಜನಕ ಹೊರಬರುತ್ತದೆ. ಇನ್ನೊಂದು ಬದಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಲೆಕ್ಟ್ರಾನುಗಳನ್ನು ಪಡೆದು ಬೇರೆಯೇ ವಸ್ತುವಾಗುತ್ತದೆ.

ಯಾವ ವಸ್ತು? ಅದನ್ನು ನಿರ್ಧರಿಸುವುದು ಲೋಹ.

ಬೆಳ್ಳಿಯ ಮೇಲೆ ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್, ತವರದ ಮೇಲೆ ಫಾರ್ಮೇಟ್ ಸಿಗುತ್ತದೆ. ತಾಮ್ರ ಇನ್ನೂ ಮುಂದೆ ಹೋಗುತ್ತದೆ. 1980ರ ದಶಕದಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದ ಯೋಶಿಯೋ ಹೋರಿ ಅವರ ತಂಡ ತಾಮ್ರದ ಮೇಲೆ ಮೀಥೇನ್, ಎಥಿಲೀನ್ ಹುಟ್ಟುವುದನ್ನು ತೋರಿಸಿತು. ಕಾರಣ ಇಷ್ಟೇ: ನಡುವೆ ಉಂಟಾಗುವ ಕಾರ್ಬನ್ ಮೊನಾಕ್ಸೈಡನ್ನು ತಾಮ್ರ ತೀರಾ ಬಿಗಿಯಾಗಿ ಹಿಡಿಯುವುದಿಲ್ಲ, ಸುಲಭವಾಗಿ ಬಿಟ್ಟುಬಿಡುವುದೂ ಇಲ್ಲ. ಅಷ್ಟರಲ್ಲಿ ಎರಡು ಇಂಗಾಲದ ಪರಮಾಣುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದು ಎಥಿಲೀನ್ ಅಣುವಿಗೆ 12 ಎಲೆಕ್ಟ್ರಾನುಗಳು ಬೇಕು. ಪಾಲಿಥೀನ್ ತಯಾರಾಗುವುದು ಇದೇ ಎಥಿಲೀನ್‌ನಿಂದ.

ತೊಡಕುಗಳೂ ಇವೆ. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗುವುದು ಕಡಿಮೆ. ಜೊತೆಗೆ ಒಂದಷ್ಟು ವಿದ್ಯುತ್ ನೀರಿನಿಂದ ಹೈಡ್ರೋಜನ್ ಮಾಡುವುದರಲ್ಲೇ ಖರ್ಚಾಗುತ್ತದೆ. ಹಾಗಾಗಿ ಈಗ ಅನಿಲವನ್ನು ನೇರವಾಗಿ ಒಳಬಿಡುವ ಸೂಕ್ಷ್ಮರಂಧ್ರಗಳ ಎಲೆಕ್ಟ್ರೋಡ್‌ಗಳನ್ನು ಬಳಸುತ್ತಾರೆ.

ಕಲ್ಲಿದ್ದಲು ಸುಟ್ಟು ಪಡೆದ ವಿದ್ಯುತ್ತಿನಿಂದ ಇದನ್ನು ಮಾಡಿದರೆ ವಾತಾವರಣಕ್ಕೆ ಲಾಭವಿಲ್ಲ. ಬಿಸಿಲು, ಗಾಳಿಯ ವಿದ್ಯುತ್ ಬಳಸಿದಾಗ ಮಾತ್ರ ಈ ತಂತ್ರಜ್ಞಾನಕ್ಕೆ ಅರ್ಥವಿದೆ.