ಮಿಕ್ಸಿ ಸದ್ದಿಗೆ ತಲೆ ಸಿಡಿಯುತ್ತದೆಯೇ?

"ಡಾಕ್ಟ್ರೇ, ಮಿಕ್ಸಿ ಹಾಕಿದರೆ ಸಾಕು, ತಲೆಯೊಳಗೆ ಮೊಳೆ ಹೊಡೆದ ಹಾಗಾಗುತ್ತೆ. ಮನೆಯಲ್ಲಿ ಎಲ್ಲರೂ ನಾಟಕ ಅಂತಾರೆ." ಕಿವಿಗೆ ಹತ್ತಿ ಇಟ್ಟುಕೊಂಡೇ ನನ್ನೆದುರು ಕುಳಿತಿದ್ದ ಗೃಹಿಣಿಯೊಬ್ಬರು ಕಣ್ಣೀರು ಹಾಕಿದರು. ಕುಕ್ಕರ್ ಕೂಗಿದರೂ, ಸ್ಟೀಲ್ ತಟ್ಟೆ ಬಿದ್ದರೂ ಅವರಿಗೆ ಎದೆ ಧಸಕ್ಕೆನ್ನುತ್ತಿತ್ತು.

ಇದು ನಾಟಕವಲ್ಲ. ಬೇರೆಯವರಿಗೆ ಮಾಮೂಲಿಯಾದ ಸದ್ದು ಕೆಲವರಿಗೆ ಸಹಿಸಲಾಗದಷ್ಟು ಜೋರೆನಿಸುತ್ತದೆ. ವೈದ್ಯರು ಇದನ್ನು 'ಹೈಪರ್‌ಅಕ್ಯುಸಿಸ್' ಎನ್ನುತ್ತಾರೆ. ಕಿವಿಗೆ ಬಿದ್ದ ಸದ್ದು ಎಷ್ಟು ಜೋರೆನಿಸಬೇಕು ಎಂಬುದರಲ್ಲಿ ಮಿದುಳಿನ ಪಾತ್ರ ದೊಡ್ಡದು. ರೇಡಿಯೋದ ವಾಲ್ಯೂಮ್ ತಿರುಪನ್ನು ಯಾರೋ ಏರಿಸಿಟ್ಟಂತೆ ಎಂದುಕೊಳ್ಳಿ.

ಕಾರಣಗಳು ಹಲವು. ಮೈಗ್ರೇನ್ ತಲೆನೋವು, ತಲೆಗೆ ಬಿದ್ದ ಪೆಟ್ಟು, ಪಟಾಕಿ ಅಥವಾ ಯಂತ್ರಗಳ ಭಾರೀ ಸದ್ದು, ನಿದ್ದೆಗೇಡು, ಆತಂಕ, ಖಿನ್ನತೆ ಇವು ಮುಖ್ಯವಾದವು. ಜೋರು ಸದ್ದನ್ನು ತಗ್ಗಿಸುವ ಪುಟ್ಟ ಸ್ನಾಯುವೊಂದು ಮಧ್ಯಕಿವಿಯಲ್ಲಿದೆ. ಮುಖದ ನರ ಸೋತು ಬಾಯಿ ಒಂದು ಕಡೆಗೆ ವಾಲುವ 'ಬೆಲ್ಸ್ ಪಾಲ್ಸಿ'ಯಲ್ಲಿ ಅದೂ ಸೋಲಬಹುದು. ಕಿವಿ ಮಂದವಾದ ಅಜ್ಜ "ಜೋರಾಗಿ ಹೇಳು" ಎಂದು, ಹೇಳಿದೊಡನೆ "ಯಾಕೆ ಕಿರುಚ್ತೀಯ?" ಎಂದು ಗದರುವುದೂ ಹಟದಿಂದಲ್ಲ. ಮೆಲ್ಲನೆಯ ಸದ್ದು ಕೇಳಿಸದ ಕಿವಿಗೆ ಜೋರು ಸದ್ದು ಥಟ್ಟನೆ ಅತಿಯಾಗುತ್ತದೆ.

ಇನ್ನು ಹತ್ತಿಯ ವಿಷಯ. ಕತ್ತಲೆ ಕೋಣೆಯಲ್ಲಿದ್ದು ಹೊರಬಂದವರಿಗೆ ಬಿಸಿಲು ಕಣ್ಣು ಕುಕ್ಕುತ್ತದಲ್ಲವೇ? ಹಾಗೆಯೇ ದಿನವಿಡೀ ಕಿವಿ ಮುಚ್ಚಿಟ್ಟರೆ ಮಿದುಳು ತಿರುಪನ್ನು ಇನ್ನಷ್ಟು ಏರಿಸುತ್ತದೆ. ಪಟಾಕಿ, ಡ್ರಿಲ್ಲಿಂಗ್‌ನಂಥ ಭಾರೀ ಸದ್ದಿಗೆ ಮಾತ್ರ ಇಯರ್‌ಪ್ಲಗ್ ಬಳಸಿ. ಮನೆಯಲ್ಲಿ ಪೂರ್ತಿ ನಿಶ್ಶಬ್ದವನ್ನು ಹುಡುಕಬೇಡಿ. ಫ್ಯಾನಿನ ಸದ್ದು, ಮೆಲ್ಲಗೆ ಹಾಕಿದ ವೀಣೆ ಅಥವಾ ಕೊಳಲಿನ ಸಂಗೀತ ಹಿನ್ನೆಲೆಯಲ್ಲಿರಲಿ.

ಮನೆಯವರೂ ಕೈಜೋಡಿಸಬೇಕು. ಮಿಕ್ಸಿಯ ಕಾಲಿಗೆ ರಬ್ಬರ್ ಮ್ಯಾಟ್, ಕುರ್ಚಿ ಕಾಲಿಗೆ ರಬ್ಬರ್ ಬುಷ್ ಹಾಕಿ. ಮಿಕ್ಸಿ ಹಾಕುವ ಮುಂಚೆ ಒಂದು ಮಾತು ಹೇಳಿ. ಬರುವುದು ಗೊತ್ತಿದ್ದ ಸದ್ದು ಅಷ್ಟಾಗಿ ಬೆಚ್ಚಿಬೀಳಿಸದು.

ಹೊರಗಿನ ಗದ್ದಲಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಿಶೇಷ ಅನುಮತಿಯ ದಿನಗಳನ್ನು ಬಿಟ್ಟರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಪೊಲೀಸರಿಗೆ ದೂರು ಕೊಡಲು ಸಂಕೋಚ ಬೇಡ.

ತೊಂದರೆ ಕೆಲವು ವಾರ ಉಳಿದರೆ ಕಿವಿ ತಜ್ಞರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಒಂದು ಕಿವಿ ಹಠಾತ್ತನೆ ಕೇಳದಾದರೆ, ಮುಖ ವಾಲಿದರೆ, ವಿಪರೀತ ತಲೆ ಸುತ್ತಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಆ ಗೃಹಿಣಿಗಿದ್ದುದು ಮೈಗ್ರೇನ್. ಜೊತೆಗೆ, ಕಾಯಿಲೆಯ ಅತ್ತೆಯ ಆರೈಕೆಯಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದರು. ಮೈಗ್ರೇನಿಗೆ ಮಾತ್ರೆ ಬರೆದುಕೊಟ್ಟೆ. ರಾತ್ರಿಯ ಆರೈಕೆಯನ್ನು ಪತಿ ಹಂಚಿಕೊಂಡರು. ಹತ್ತಿಯನ್ನು ದಿನಕ್ಕೆ ಅಷ್ಟಷ್ಟು ಹೊತ್ತು ತೆಗೆಯುತ್ತಾ ಬಂದರು. ಎರಡು ತಿಂಗಳ ನಂತರ ಬಂದಾಗ ಕಿವಿಯಲ್ಲಿ ಹತ್ತಿ ಇರಲಿಲ್ಲ. "ಕುಕ್ಕರ್ ಈಗಲೂ ಕೂಗುತ್ತೆ ಡಾಕ್ಟ್ರೇ, ಆದರೆ ನಾಟಕ ಅಂತ ಯಾರೂ ಅನ್ನಲ್ಲ" ಎಂದು ನಕ್ಕರು.