ಹೊಗೆಗೂಡಿಲ್ಲದ ಬಚ್ಚಲುಮನೆ

ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವ ಹೊತ್ತಿಗೆ ಬೆಂಗಳೂರಿಗೆ ಚಳಿ ಇಳಿಯುತ್ತದೆ. ಹಿಮ ಬೀಳುವ ಚಳಿಯೇನೂ ಅಲ್ಲ. 1884ರ ಜನವರಿಯಲ್ಲಿ ಉಷ್ಣಮಾನ 7.8 ಡಿಗ್ರಿಗೆ ಇಳಿದುದೇ ಈ ಊರಿನ ದಾಖಲೆ. ಆದರೂ ಮುಂಜಾನೆ ತಣ್ಣೀರನ್ನು ಮೈಮೇಲೆ ಸುರಿದುಕೊಳ್ಳುವ ಎದೆಗಾರಿಕೆ ಎಷ್ಟು ಮಂದಿಗಿದ್ದೀತು?

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಕಾಲದ ಮನೆಗಳಲ್ಲಿ ಇದಕ್ಕೆ ಉತ್ತರ ಬಚ್ಚಲಿನ ಮೂಲೆಯಲ್ಲಿತ್ತು. ಒಲೆಯ ಮೇಲೆ ಹೂತ ತಾಮ್ರದ ಹಂಡೆ, ಇಲ್ಲವೇ ನಡುವೆ ಕೊಳವೆಯುಳ್ಳ ಬಾಯ್ಲರು; ಉರುವಲಿಗೆ ಸೌದೆ, ತೆಂಗಿನ ಕರಟ, ಒಣಗಿದ ಸೋಗೆ. ನೀರು ತುಂಬುವ ಹಬ್ಬದ ಸಂಜೆ ಆ ಹಂಡೆಗೆ ಪೂಜೆಯೂ ಸಲ್ಲುತ್ತಿತ್ತು. ಉಳಿದ ದಿನಗಳಲ್ಲಿ ಕಣ್ಣೊರೆಸಿಕೊಳ್ಳುತ್ತ ಊದುಗೊಳವೆ ಹಿಡಿದ ಗೃಹಿಣಿ ಅದನ್ನು ಶಪಿಸುತ್ತಿದ್ದಳೆಂಬುದೂ ನಿಜವೇ. ಆದರೆ ಆ ಹೊಗೆಗೆ ಒಂದು ಸದ್ಗುಣವಿತ್ತು: ಅದು ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ತಾಗುತ್ತಿತ್ತು. ಆದುದರಿಂದಲೇ ಮನೆ ಕಟ್ಟುವವರು ಅದಕ್ಕೊಂದು ಹೊಗೆಗೂಡನ್ನು ಮರೆಯದೆ ಇಡುತ್ತಿದ್ದರು.

ಇಂದು ಬನಶಂಕರಿ, ಜೆ.ಪಿ.ನಗರಗಳ ತಾರಸಿಗಳ ಮೇಲೆ ಸೌರ ಒಲೆಗಳಿವೆ. ಆದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಾಲ್ಕು ದಿನ ಮೋಡ ಕವಿದರೆ ಅವು ತಣ್ಣಗಾಗುತ್ತವೆ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಮನೆಗಳಲ್ಲಿ ಅನೇಕರಿಗೆ ಆ ಸೌಕರ್ಯವೂ ಇಲ್ಲ. ಅಂಥಲ್ಲಿ ಗೋಡೆಗೆ ತಗುಲಿಸಿದ ಗ್ಯಾಸ್ ಗೀಸರ್ ನಲ್ಲಿ ತಿರುಗಿಸಿದೊಡನೆ ಬಿಸಿನೀರು ಕೊಡುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ. ಆದುದರಿಂದ ಹೊಗೆಗೂಡೂ ಇಲ್ಲ! ಚಳಿಗಾಳಿ ನುಗ್ಗೀತೆಂದೋ ಸೊಳ್ಳೆ ಬಂದೀತೆಂದೋ ಇದ್ದೊಂದು ಗವಾಕ್ಷಿಗೂ ಕಾಗದ ಅಂಟಿಸಿದ ಮನೆಗಳುಂಟು.

ಅಪಾಯವಿರುವುದು ಇಲ್ಲಿಯೇ. ಸಿಲಿಂಡರಿನೊಳಗಿನ ಪ್ರೊಪೇನ್ ಮತ್ತು ಬ್ಯೂಟೇನ್ ಉರಿಯಲು ಗಾಳಿಯನ್ನು ಬೇಡುತ್ತವೆ. ಒಂದು ಕಿಲೋ ಅನಿಲಕ್ಕೆ ಸುಮಾರು 15 ಕಿಲೋ ಗಾಳಿ. ಐದಡಿ ಅಗಲ, ಏಳಡಿ ಉದ್ದದ ಬಚ್ಚಲಿನಲ್ಲಿ ಗೀಸರ್ ಕಾಲು ಗಂಟೆ ಉರಿದರೆ ಒಳಗಿನ ಗಾಳಿಯ ಮೂರನೆಯ ಒಂದು ಪಾಲಿನಷ್ಟನ್ನು ಅದೇ ನುಂಗಬಲ್ಲುದು. ಆಮ್ಲಜನಕ ಸಾಲದಾದಾಗ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ವಿಷಾನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅಂಟಿಕೊಳ್ಳುತ್ತದೆ.

“ವಾಸನೆಯೇ ಬರಲಿಲ್ಲವಲ್ಲ” ಎಂಬುದು ಸಾಮಾನ್ಯವಾದ ಸಮಾಧಾನ. ಸಿಲಿಂಡರಿನ ಅನಿಲಕ್ಕಿರುವ ದುರ್ವಾಸನೆ ಅದರದಲ್ಲ. ಸೋರಿಕೆ ತಿಳಿಯಲೆಂದು ಬೇಕೆಂದೇ ಬೆರೆಸಿದ್ದು. ಉರಿದ ಮೇಲೆ ಅದೂ ಸುಟ್ಟುಹೋಗುತ್ತದೆ. ಮಾನಾಕ್ಸೈಡಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲು ತಲೆನೋವು, ಬಳಿಕ ತಲೆಸುತ್ತು, ವಾಕರಿಕೆ. ಸ್ನಾನಕ್ಕೆ ಹೋದವರಿಗೆ ಇದು ಪಿತ್ತವೆಂದು ತೋರಬಹುದು. ಅಷ್ಟರಲ್ಲಿ ಕೈಕಾಲು ಸೋತು, ಮೂರಡಿ ದೂರದ ಅಗುಳಿಯೂ ಕೈಗೆಟುಕದಂತಾಗುತ್ತದೆ.

ಕೊರೆಯುವ ಚಳಿಯ ಅಮೆರಿಕ, ಕೆನಡಾಗಳಲ್ಲಿ ಜನ ಗಾಲಿಯ ಮೇಲಿನ ಮನೆಗಳಲ್ಲಿ ಸಂಸಾರಸಮೇತ ಪ್ರವಾಸ ಹೊರಡುತ್ತಾರೆ. ಆ ಬಂಡಿಗಳನ್ನು ಬೆಚ್ಚಗಿಡುವುದೂ ಪ್ರೊಪೇನೇ. ಆದರೆ ಅಲ್ಲಿಯ ಒಳ್ಳೆಯ ಒಲೆಯೊಳಗೆ ಜ್ವಾಲೆ ಮುಚ್ಚಿದ ಪೆಟ್ಟಿಗೆಯಲ್ಲಿರುತ್ತದೆ. ಹೊರಗಿನ ಗಾಳಿಯನ್ನೇ ಎಳೆದುಕೊಂಡು, ಉರಿದುದನ್ನು ಕೊಳವೆಯಿಂದ ಹೊರಗೇ ಬಿಡುತ್ತದೆ. ಜೊತೆಗೆ ವಿಷಾನಿಲ ಸೇರಿದರೆ ಕೂಗಿ ಎಚ್ಚರಿಸುವ ಪುಟ್ಟ ಯಂತ್ರವೊಂದು. ನಮ್ಮ ಅಜ್ಜಿಯರ ತಾಮ್ರದ ಬಾಯ್ಲರಿನ ಕೊಳವೆಯ ಕೆಲಸವೇ ಅದು!

ಮನೆಯೊಡೆಯರು ಮಾಡಬೇಕಾದುದು ಹೆಚ್ಚೇನಿಲ್ಲ. ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಹಿತ್ತಿಲ ಕಡೆಯ ಗೋಡೆಗೆ ಹಾಕಿಸಿ, ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರುವುದು. ಬಾಡಿಗೆದಾರರಿಗೆ ಅದು ಕೂಡಲೇ ಸಾಧ್ಯವಾಗದಿದ್ದರೆ, ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋದ ಮೇಲೆಯೇ ಸ್ನಾನಕ್ಕಿಳಿಯುವುದು. ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಸ್ನಾನ ಮಾಡುವ ಹಬ್ಬದ ದಿನಗಳಲ್ಲಿ ಕೊನೆಯವರ ಪಾಲಿಗೆ ಉಳಿಯುವುದು ಅತಿ ಕೆಟ್ಟ ಗಾಳಿ. ಆ ಕೊನೆಯವಳು ಬಹುಮಟ್ಟಿಗೆ ಮನೆಯ ಗೃಹಿಣಿಯೇ.

ಒಳಗಿನಿಂದ ಓಗೊಡದಿದ್ದರೆ ಬಾಗಿಲು ಮುರಿಯಲು ಹಿಂಜರಿಯಬಾರದು. ಮೊದಲು ಅನಿಲ ನಿಲ್ಲಿಸಿ, ಬಿದ್ದವರನ್ನು ಬಯಲಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಸುಮಾರು ಒಂದೂವರೆ ಗಂಟೆ ಸಾಕು.