ಎರಡು ಪಟ್ಟಿಗಳು

1986ರ ಚಳಿಗಾಲದಲ್ಲಿ ನಾನು ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯದ ಮೊದಲ ವರ್ಷದಲ್ಲಿದ್ದೆ. ಪುಷ್ಕಿನ್ ಬೀದಿಯಲ್ಲಿ ಎತ್ತರದ ಕಮಾನು, ದೊಡ್ಡ ಗುಮ್ಮಟವಿದ್ದ ಕಟ್ಟಡವೊಂದಿತ್ತು. ಅದರೊಳಗೆ ‘ಸ್ಪಾರ್ತಕ್’ ಕ್ರೀಡಾ ಸಂಘ ನಡೆಯುತ್ತಿತ್ತು. ಒಂದು ಸಂಜೆ ಅದರ ಮುಂದೆ ಹಾಯುವಾಗ ನನ್ನ ಸಹಪಾಠಿ ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದಳು: ‘ಇದು ಸಿನಗಾಗ್ ಆಗಿತ್ತು. ಇದನ್ನು ಕಟ್ಟುವಾಗ ನಮ್ಮ ಮುತ್ತಜ್ಜ ಚಂದಾ ಕೊಟ್ಟಿದ್ದನಂತೆ.’ ತಾನು ಯಹೂದಿ ಎಂದು ಅವಳು ನನಗೆ ಹೇಳಿದ್ದು ಅದೇ ಮೊದಲು.

ಹೀಬ್ರೂ ಭಾಷೆಯಲ್ಲಿ ಸಿನಗಾಗ್‌ಗೆ ‘ಬೇತ್ ಕ್ನೆಸೆತ್’ ಎನ್ನುತ್ತಾರೆ, ಅಂದರೆ ಜನ ಕೂಡುವ ಮನೆ. ಅಲ್ಲಿ ವಿಗ್ರಹವಿಲ್ಲ, ತೋರಾ ಗ್ರಂಥದ ಸುರುಳಿಗಳಿವೆ. ಹತ್ತು ಮಂದಿ ವಯಸ್ಕರು ಸೇರದೆ ಸಾಮೂಹಿಕ ಪ್ರಾರ್ಥನೆ ಆರಂಭವಾಗುವುದಿಲ್ಲ. ರಷ್ಯಾದ ಚಕ್ರವರ್ತಿಗಳು ಯಹೂದಿಯರ ವಾಸಕ್ಕೆ ಗಡಿ ಹಾಕಿದ್ದರು. ಖಾರ್ಕಿವ್ ಆ ಗಡಿಯಿಂದ ಹೊರಗಿತ್ತು. ಅನುಮತಿ ಸಿಕ್ಕ ವ್ಯಾಪಾರಿಗಳು, ವೈದ್ಯರು, ನಿವೃತ್ತ ಸೈನಿಕರಂಥವರು ಮಾತ್ರ ಅಲ್ಲಿ ನೆಲೆ ನಿಂತಿದ್ದರು. ಅಂಥವರು ಯಾಕೋವ್ ಗೆವಿರ್ತ್ಸ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1913ರಲ್ಲಿ ಈ ಮಂದಿರವನ್ನು ಕಟ್ಟಿ ಮುಗಿಸಿದರು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಯುದ್ಧಭೂಮಿಯಿಂದ ಓಡಿಸಲ್ಪಟ್ಟ ಯಹೂದಿ ನಿರಾಶ್ರಿತರು ಖಾರ್ಕಿವ್‌ಗೂ ಬಂದರು. 1923ರಲ್ಲಿ ಸೋವಿಯತ್ ಸರ್ಕಾರ ಮಂದಿರವನ್ನು ಮುಚ್ಚಿಸಿತು.

1941ರ ಅಕ್ಟೋಬರ್‌ನಲ್ಲಿ ಜರ್ಮನ್ ಸೇನೆ ಊರನ್ನು ಹಿಡಿಯಿತು. ಡಿಸೆಂಬರ್‌ನಲ್ಲಿ ಮನೆಮನೆಯ ಗಣತಿ ನಡೆಸಿ, ಯಹೂದಿಯರ ಹೆಸರುಗಳನ್ನು ಬೇರೆಯೇ ಪಟ್ಟಿಯಲ್ಲಿ ಬರೆಸಿದರು. ಆಮೇಲೆ ಅವರನ್ನೆಲ್ಲ ಟ್ರ್ಯಾಕ್ಟರ್ ಕಾರ್ಖಾನೆಯ ಬಳಿಯ ಶೆಡ್ಡುಗಳಿಗೆ ತಳ್ಳಿದರು. ಅಲ್ಲಿಂದ ದ್ರೊಬಿತ್ಸ್ಕಿ ಯಾರ್ ಎಂಬ ಕಮರಿಗೆ ಒಯ್ದು ಗುಂಡಿಕ್ಕಿದರು. ಹೀಗೆ ಸತ್ತವರು ಸುಮಾರು 15,000 ಮಂದಿ. ನನ್ನ ಸಹಪಾಠಿಯ ಅಜ್ಜಿ ಜರ್ಮನರು ಬರುವ ಮೊದಲೇ ತಾಷ್ಕೆಂಟ್‌ಗೆ ಹೋಗಿದ್ದರಿಂದ ಉಳಿದಳು. ಅಜ್ಜಿಯ ಅಕ್ಕ ಊರಲ್ಲೇ ಇದ್ದಳು. ಅವಳ ಹೆಸರು ಆ ಪಟ್ಟಿಗೆ ಸೇರಿತು.

1990ರಲ್ಲಿ, ನಾನಿನ್ನೂ ಅಲ್ಲೇ ಓದುತ್ತಿರುವಾಗ, ಕಟ್ಟಡ ಯಹೂದಿ ಸಮುದಾಯದ ಕೈಗೆ ಮರಳಿತು. ಮೋಶೆ ಮೊಸ್ಕೋವಿಟ್ಸ್ ಎಂಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಹೊರದೇಶದಿಂದ ಬಂದು ನೆಲೆಸಿದರು. ಪ್ರಾರ್ಥನೆಯ ಅಕ್ಷರವೇ ಮರೆತುಹೋಗಿದ್ದ ಜನರೊಂದಿಗೆ ಅವರು ಕೆಲಸ ಆರಂಭಿಸಬೇಕಿತ್ತು. 1998ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ಮತ್ತೆ ದುರಸ್ತಿ ಮಾಡಿ 2003ರ ಹೊತ್ತಿಗೆ ಎಬ್ಬಿಸಿ ನಿಲ್ಲಿಸಿದರು.

ಗುಮ್ಮಟ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದೇ ವರ್ಷಗಳಲ್ಲಿ ಕಾಣದ ಇನ್ನೊಂದು ಕೆಲಸವೂ ನಡೆಯುತ್ತಿತ್ತು. 1914ರಲ್ಲಿ ಅಮೆರಿಕದ ಯಹೂದಿಯರು ಹುಟ್ಟುಹಾಕಿದ ‘ಜಾಯಿಂಟ್’ ಎಂಬ ನೆರವು ಸಂಸ್ಥೆಯ ಬೆಂಬಲದಿಂದ ಉಕ್ರೇನಿನ ಊರುಗಳಲ್ಲಿ ‘ಹೆಸೆದ್’ ಕೇಂದ್ರಗಳು ತೆರೆದವು. ಹೆಸೆದ್ ಎಂದರೆ ದಯೆ. ಒಂಟಿಯಾಗಿರುವ ವೃದ್ಧರು ಯಾರು, ಅವರಿಗೆ ಯಾವ ಮಾತ್ರೆ ಬೇಕು, ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದೆಲ್ಲ ಅಲ್ಲಿನವರಿಗೆ ಗೊತ್ತಿರುತ್ತದೆ.

2022ರ ಫೆಬ್ರವರಿ 24ರಂದು ರಷ್ಯಾದ ದಾಳಿ ಶುರುವಾಯಿತು. ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅದೇ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಆ ರಾತ್ರಿ ನಡುಗುವ ಕೈಯಲ್ಲೇ ಸಹಪಾಠಿಗೆ ಫೋನ್ ಮಾಡಿದೆ. ಅವಳು ಸಿನಗಾಗ್‌ನ ನೆಲಮಾಳಿಗೆಯಲ್ಲಿದ್ದಳು.

‘ಪ್ರಾರ್ಥನೆಗೆಂದು ನಾನು ಇಲ್ಲಿಗೆ ಬಂದವಳೇ ಅಲ್ಲ, ನಿನಗೇ ಗೊತ್ತಲ್ಲ’ ಎಂದಳು. ‘ಈಗ ಇಲ್ಲಿ ಬಿಪಿ ನೋಡುತ್ತಿದ್ದೇನೆ. ಇನ್ಸುಲಿನ್ ಬೇಕಾದವರ ಪಟ್ಟಿ ನನ್ನ ಕೈಯಲ್ಲಿದೆ.’

ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ವಾಹನ, ಫೋನು ಮುಟ್ಟದವರೂ ಆ ಶನಿವಾರಗಳಲ್ಲಿ ಮುಟ್ಟಿದರು. ಜೀವ ಉಳಿಸುವ ಕೆಲಸಕ್ಕೆ ಸಬ್ಬತ್ ಅಡ್ಡ ಬರಬಾರದು ಎಂಬುದು ಯಹೂದಿ ಧರ್ಮದ್ದೇ ಕಟ್ಟಳೆ. ‘ಪಿಕುವಾಹ್ ನೆಫೆಶ್’ ಎಂದು ಅದರ ಹೆಸರು. ಬಸ್ಸುಗಳಲ್ಲಿ ಜನರನ್ನು ಊರಾಚೆ ಸಾಗಿಸಿದರು, ಉಳಿದವರ ಮನೆಗಳಿಗೆ ಬ್ರೆಡ್ಡು, ಔಷಧಿ ಮುಟ್ಟಿಸಿದರು. ನೆಲಮಾಳಿಗೆಯಲ್ಲಿ ಯಹೂದಿಯರಲ್ಲದ ನೆರೆಯವರೂ ಇದ್ದರು, ಅವರಿಗೂ ಅದೇ ಊಟ ಎಂದು ಅವಳು ಹೇಳಿದಳು. ಏಪ್ರಿಲ್‌ನಲ್ಲಿ ಪಾಸ್‌ಓವರ್ ಹಬ್ಬ ಬಂತು. ಹುಳಿ ಬರಿಸದ ಹಿಟ್ಟಿನ ‘ಮತ್ಸಾ’ ರೊಟ್ಟಿಯ ಪೊಟ್ಟಣ ಹಿಡಿದು ತಾನು ಒಂಬತ್ತನೇ ಮಹಡಿಯ ಅಜ್ಜಿಯ ಮನೆಗೆ ಲಿಫ್ಟ್ ಇಲ್ಲದೆ ಹತ್ತಿದ್ದನ್ನು ಅವಳು ಮತ್ತೆ ಮತ್ತೆ ಹೇಳುತ್ತಾಳೆ.

‘ಯಾವ ಬಾಗಿಲು ತಟ್ಟಬೇಕೆಂದು ನಿಮಗೆ ಹೇಗೆ ತಿಳಿಯುತ್ತಿತ್ತು?’ ಎಂದು ಕೇಳಿದೆ. ‘ಯುದ್ಧಕ್ಕೆ ಮೊದಲೇ ಬರೆದಿಟ್ಟಿದ್ದೆವು’ ಎಂದಳು.

ಅವಳ ಆ ಮಾತು ನನ್ನನ್ನು ಬಿಟ್ಟಿಲ್ಲ. 1941ರಲ್ಲಿ ಅದೇ ಊರಿನಲ್ಲಿ ಅದೇ ಜನರ ಹೆಸರು ಬರೆದುಕೊಂಡದ್ದು ಕೊಲ್ಲುವುದಕ್ಕೆ. ಎಂಬತ್ತು ವರ್ಷಗಳ ಮೇಲೆ ಅವರ ಮೊಮ್ಮಕ್ಕಳು ಹೆಸರು ಬರೆದಿಟ್ಟುಕೊಂಡದ್ದು ಉಳಿಸುವುದಕ್ಕೆ. ಆ ಮಂದಿರದ ಜೀರ್ಣೋದ್ಧಾರ ನನ್ನ ಪಾಲಿಗೆ ಪೂರ್ಣವಾದದ್ದು ಈ ಎರಡನೆಯ ಪಟ್ಟಿಯಲ್ಲಿ.

ಆ ಮಾತು ಕೇಳಿದ ಮಾರನೆಯ ವಾರ ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರ ಹೆಸರು, ಅವರ ಔಷಧಿ, ಮಕ್ಕಳ ಫೋನ್ ನಂಬರು ಬರೆದಿಟ್ಟೆ. ಹದಿನಾಲ್ಕು ಮನೆಗಳಾದವು. ನಿಮ್ಮ ಬೀದಿಯಲ್ಲಿ ಎಷ್ಟಿವೆ? ಆಪತ್ತು ಬರುವ ಮೊದಲೇ, ಈ ವಾರವೇ, ಬರೆದಿಡಿ.